ಕ್ಲೌಡ್ ಬಾಡಿಗೆಗೆ ಹಿಡಿಯಿರಿ, ಆದರೆ ಎರಡನೇ ಪ್ರತಿ ಎಲ್ಲಿ ಅಂತ ಮೊದಲು ಕೇಳಿ

ನಮ್ಮ ವಾರ್ಡಿನ ಸದಸ್ಯರಾದ ಅಕ್ಕಾವ್ರಿಗೆ ನಮಸ್ಕಾರ.

ಹಳೆಯ ಉತಾರ, ಜನನ ಮರಣದ ದಾಖಲೆ, ಕರದ ಲೆಕ್ಕ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕ್ಲೌಡಿಗೆ ಹಾಕೋಣ ಅಂತ ಮೊನ್ನೆ ವಾರ್ಡ್ ಸಭೆಯಲ್ಲಿ ಹೇಳಿದಿರಿ. ಹಿರಿಯರೊಬ್ಬರು ಎದ್ದು, 'ನಮ್ಮ ಕಾಗದ ನಮ್ಮ ಕಟ್ಟಡದಾಗ ಇರ್ಲಿ, ಸ್ವಂತ ಸರ್ವರ್ ತರಿಸ್ರಿ' ಎಂದರು. ಮಾತು ಅಲ್ಲಿಗೇ ನಿಂತಿತು. ಬೆಟಗೇರಿಯ ಮನೆಯಿಂದಲೇ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುವವನು ನಾನು. ವಾರ್ಡಿನ ಉಳಿದವರೂ ಓದಲಿ ಅಂತ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕ್ಲೌಡ್ ಅಂದರೆ ಬೇರೊಬ್ಬರ ಕಟ್ಟಡದಲ್ಲಿರುವ ಕಂಪ್ಯೂಟರುಗಳು. ಮುಂಬೈ, ಹೈದರಾಬಾದಿನಂಥ ಊರುಗಳಲ್ಲಿ ದೊಡ್ಡ ದೊಡ್ಡ ಡೇಟಾ ಸೆಂಟರುಗಳಿವೆ. ಅಲ್ಲಿನ ಸರ್ವರುಗಳನ್ನು ನಾವು ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆಯುತ್ತೇವೆ. ಅಮೆರಿಕದ ನಿಸ್ಟ್ ಎಂಬ ಸರ್ಕಾರಿ ಸಂಸ್ಥೆ 2011ರಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು. ಕೇಳಿದ ಕೂಡಲೇ ಸಿಗಬೇಕು, ಬೇಕಾದಾಗ ಹಿಗ್ಗಬೇಕು, ಬೇಡವಾದಾಗ ಕುಗ್ಗಬೇಕು, ಬಳಸಿದ್ದಕ್ಕೆ ಲೆಕ್ಕ ಇರಬೇಕು. ಎಲ್ಲೋ ಒಂದು ಸರ್ವರ್ ಇಟ್ಟು ಸುಮ್ನೆ 'ಕ್ಲೌಡ್' ಅಂತ ಮಾರುವವರು ಬರುತ್ತಾರೆ, ಜೋಕೆ.

ಇದೇನು ನಿನ್ನೆ ಹುಟ್ಟಿದ್ದಲ್ಲ. 1961ರಲ್ಲೇ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ, ಟೆಲಿಫೋನಿನ ಹಾಗೆ ಕಂಪ್ಯೂಟಿಂಗ್ ಕೂಡ ಮುಂದೊಂದು ದಿನ ಸಾರ್ವಜನಿಕ ಸೇವೆಯಾಗಬಹುದು ಎಂದಿದ್ದರು. ಆಗಿನ ಕಂಪ್ಯೂಟರ್ ಒಂದು ಕೋಣೆ ತುಂಬುತ್ತಿತ್ತು. ಬೆಲೆಯೂ ವಿಪರೀತ. ಅದೇ ವರ್ಷ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವುದನ್ನು ಮಾಡಿ ತೋರಿಸಿದರು. ಯಂತ್ರ ಒಬ್ಬೊಬ್ಬರಿಗೂ ಚೂರು ಚೂರು ಹೊತ್ತು ಕೊಡುತ್ತದೆ. ಅದು ಎಷ್ಟು ಚುರುಕು ಅಂದರೆ, ಪ್ರತಿಯೊಬ್ಬರಿಗೂ ಇದು ನನ್ನದೇ ಅನಿಸುತ್ತದೆ. ಅರವತ್ತರ ದಶಕದ ಕೊನೆಗೆ ಐಬಿಎಂ ಒಂದು ಯಂತ್ರದೊಳಗೆ ಹಲವು 'ವರ್ಚುವಲ್' ಯಂತ್ರಗಳನ್ನು, ಅಂದರೆ ಸಾಫ್ಟ್‌ವೇರಿನಿಂದಲೇ ಮಾಡಿದ ಬೇರೆ ಬೇರೆ ಕಂಪ್ಯೂಟರುಗಳನ್ನು, ಓಡಿಸಿತು. 1999ರಲ್ಲಿ ವಿಎಂವೇರ್ ಎಂಬ ಕಂಪನಿ ಇದೇ ಉಪಾಯವನ್ನು ಸಾಮಾನ್ಯ ಪಿಸಿಗಳಿಗೆ ತಂದಿತು.

ನಿಜವಾದ ತಿರುವು ಬಂದದ್ದು 2006ರಲ್ಲಿ. ಅಮೆಜಾನ್ ಮಾರ್ಚ್‌ನಲ್ಲಿ ಫೈಲ್ ಇಡುವ ಜಾಗವನ್ನೂ, ಆಗಸ್ಟ್‌ನಲ್ಲಿ ಸರ್ವರನ್ನೂ ಬಾಡಿಗೆಗೆ ಬಿಟ್ಟಿತು. ಒಂದು ಸಣ್ಣ ಸರ್ವರಿಗೆ ಗಂಟೆಗೆ 10 ಸೆಂಟ್. ಹಬ್ಬದ ವ್ಯಾಪಾರ ಮುಗಿದ ಮೇಲೆ ಖಾಲಿ ಉಳಿದ ಯಂತ್ರಗಳನ್ನೇ ಬಾಡಿಗೆಗೆ ಕೊಟ್ಟರು ಅಂತ ಒಂದು ಕಥೆ ಓಡಾಡುತ್ತದೆ. ಅಮೆಜಾನಿನವರೇ ಅದನ್ನು ಅಲ್ಲಗಳೆದಿದ್ದಾರೆ. 2008ರಲ್ಲಿ ಗೂಗಲ್, 2010ರಲ್ಲಿ ಮೈಕ್ರೋಸಾಫ್ಟ್ ಈ ವ್ಯಾಪಾರಕ್ಕೆ ಇಳಿದವು. ಸರ್ಕಾರಿ ಕಚೇರಿಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಕ್ಲೌಡ್ 'ಮೇಘರಾಜ್' 2014ರಲ್ಲಿ ಶುರುವಾಯಿತು. 2016ರಲ್ಲಿ ಅಮೆಜಾನ್ ಮುಂಬೈಗೆ ಬಂತು.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ. 5ರಷ್ಟು ರಿಯಾಯಿತಿ. ಹಾಗಾಗಿ ತಿಂಗಳ ಕೊನೆಗೆ ಎಲ್ಲರೂ ಒಮ್ಮೆಲೇ ಮುಗಿಬೀಳುತ್ತಾರೆ. ಆ ನಾಲ್ಕು ದಿನದ ನೂಕುನುಗ್ಗಲಿಗೆ ಸಾಕಾಗುವಷ್ಟು ಸರ್ವರ್ ಕೊಂಡರೆ ಉಳಿದ ತಿಂಗಳೆಲ್ಲ ಅದು ಎಸಿ ಕೋಣೆಯಲ್ಲಿ ಸುಮ್ನೆ ಕೂತಿರುತ್ತದೆ. ಚಿಕ್ಕದು ಕೊಂಡರೆ ಏಪ್ರಿಲ್‌ನಲ್ಲಿ ಕುಸಿಯುತ್ತದೆ. ನಮ್ಮ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರಲ್ಲ, ಅದರ ಲೆಕ್ಕವೂ ಇದೇ ಅಲ್ವಾ? ಎಲ್ಲರಿಗೂ ಒಂದೇ ದಿನ ಸಾಲ ಬೇಕಾಗುವುದಿಲ್ಲ. ಒಂದೆಡೆ ಕೂಡಿಟ್ಟರೆ ಬೇಕಾದವರಿಗೆ ಬೇಕಾದಾಗ ಸಿಗುತ್ತದೆ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಸಂಘಕ್ಕೆ ಸದಸ್ಯರೇ ಒಡೆಯರು. ಕ್ಲೌಡಿಗೆ ನಾವು ಬರೀ ಬಾಡಿಗೆದಾರರು.

ಆದ್ದರಿಂದ ಬಾಡಿಗೆಗೆ ಹಿಡಿಯುವ ನಿಮ್ಮ ಮಾತಿಗೆ ನನ್ನ ಬೆಂಬಲ ಇದೆ. ಆದರೆ ಆ ಹಿರಿಯರ ಅನುಮಾನವನ್ನು ನಗುತ್ತಾ ತಳ್ಳಬೇಡಿ.

2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿಯಿತು. ಬೇರೆ ಕಡೆ ಪ್ರತಿ ಇಟ್ಟಿರದ ಗ್ರಾಹಕರ ಡೇಟಾ ಹೋಗಿಯೇ ಬಿಟ್ಟಿತು. ಇನ್ನೂ ಹತ್ತಿರದ ಪಾಠ ದಕ್ಷಿಣ ಕೊರಿಯಾದ್ದು. 2025ರ ಸೆಪ್ಟೆಂಬರ್‌ನಲ್ಲಿ ಡೇಜಾನ್ ಊರಿನ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬ್ಯಾಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ (ಒಂದು ಟೆರಾಬೈಟ್ ಅಂದರೆ ಸಾವಿರ ಜಿಬಿ) ಡೇಟಾ ಸುಟ್ಟುಹೋಯಿತು. ಅಷ್ಟು ದೊಡ್ಡದಕ್ಕೆ ಹೊರಗೆ ಎರಡನೇ ಪ್ರತಿಯೇ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದ ಗತಿ ಇದು.

ಕ್ಲೌಡಿಗೆ ಹಾಕಿದ ಮಾತ್ರಕ್ಕೆ ಎರಡನೇ ಪ್ರತಿ ತಾನಾಗಿ ಬೇರೆ ಊರಿಗೆ ಹೋಗುವುದಿಲ್ಲ. ಅದನ್ನು ಕೇಳಬೇಕು, ಅದಕ್ಕೆ ದುಡ್ಡು ಕೊಡಬೇಕು. ಟೆಂಡರಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆಸಿ: ಒಂದು ಪ್ರತಿ ಮುಂಬೈಯಲ್ಲಿದ್ದರೆ ಇನ್ನೊಂದು ಬೇರೆ ಊರಿನಲ್ಲಿರಬೇಕು, ಎರಡೂ ದೇಶದೊಳಗೇ ಇರಬೇಕು. ಕಂಪನಿ ಬದಲಿಸುವಾಗ ನಮ್ಮ ಡೇಟಾ ವಾಪಸ್ ತರಲು ಎಷ್ಟು ಖರ್ಚು ಅನ್ನೋದನ್ನೂ ಈಗಲೇ ಬರೆಸಿ. ಒಳಗೆ ಹಾಕುವುದು ಸಸ್ತಾ, ಹೊರಗೆ ತೆಗೆಯುವುದು ತುಟ್ಟಿ. ಈ ವ್ಯಾಪಾರದ ಮರ್ಮವೇ ಅದು. ಯಾರೋ ಪರೀಕ್ಷೆಗೆಂದು ಚಾಲೂ ಮಾಡಿ ಮರೆತ ಸರ್ವರಿಗೂ ಮೀಟರ್ ಓಡುತ್ತಲೇ ಇರುತ್ತದೆ. ಹಾಗಾಗಿ ತಿಂಗಳ ಬಿಲ್ ನೋಡುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿ. ಇನ್ನು ಜನರ ಮೊಬೈಲ್ ನಂಬರು, ವಿಳಾಸ ಸೋರಿದರೆ 'ಕಂಪನಿಯವರು ನೋಡ್ಕೋತಾರೆ' ಅನ್ನುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಹೊಣೆಯನ್ನು ಡೇಟಾ ಸಂಗ್ರಹಿಸಿದವರ ತಲೆಗೇ ಕಟ್ಟುತ್ತದೆ.

ಕೌಂಟರಿನಲ್ಲಿ ದಿನಾ ಕೇಳುವ 'ಸರ್ವರ್ ಇಲ್ರಿ, ನಾಳೆ ಬರ್ರಿ' ಇದರಿಂದ ನಿಲ್ಲುತ್ತದಾ ಅಂತ ಹಲವರು ನನ್ನನ್ನು ಕೇಳಿದರು. ಪೂರ್ತಿ ನಿಲ್ಲುವುದಿಲ್ಲ. ಎಷ್ಟೋ ಸಲ ಅಲ್ಲಿ ಸರ್ವರ್ ಸರಿಯಾಗಿಯೇ ಇರುತ್ತದೆ. ಇಲ್ಲಿ ಕರೆಂಟೋ ನೆಟ್ಟೋ ಹೋಗಿರುತ್ತದೆ. ಕೆಲಸವೆಲ್ಲ ಕ್ಲೌಡಿಗೆ ಹೋದ ಮೇಲೆ ನೆಟ್ ಹೋದರೆ ತೊಂದರೆ ಇನ್ನೂ ಜಾಸ್ತಿ. ಬೇರೆ ಬೇರೆ ಕಂಪನಿಯ ಎರಡು ಲೈನು, ಒಳ್ಳೆಯ ಯುಪಿಎಸ್, ಇವೆರಡನ್ನೂ ಇದೇ ಬಜೆಟ್ಟಿನಲ್ಲಿ ಸೇರಿಸಿ.

ಕೊನೆಯದಾಗಿ ಒಂದು ಕೋರಿಕೆ. ಕೆಲಸ ಮುಗಿಯಿತು ಅಂತ ಕಂಪನಿಯವರು ಬಂದಾಗ, ಸಭೆಯಲ್ಲಿ ಎಲ್ಲರ ಎದುರು ಒಂದು ಪರೀಕ್ಷಾ ಫೈಲ್ ಅಳಿಸಿ, ಎರಡನೇ ಪ್ರತಿಯಿಂದ ಅದನ್ನು ವಾಪಸ್ ತಂದು ತೋರಿಸಲಿ. ಆಮೇಲೆ ಬಿಲ್ ಪಾಸ್ ಮಾಡಿ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ
ಬೆಟಗೇರಿ, ಗದಗ