ಅತ್ತಿಮಬ್ಬೆಯ ಓಲೆಗರಿ, ಅಬಲೂರಿನ ಕಲ್ಲು

ಪ್ರೀತಿಯ ಗೆಳೆಯಾ,

ಧರ್ಮ ಅಂದರೆ ಭಯ ಮತ್ತು ಜಗಳ, ಅದರಿಂದ ಸಮಾಜಕ್ಕೆ ಬೇರೇನೂ ದಕ್ಕಿಲ್ಲ ಅಂತ ಬರೆದಿದ್ದೀಯ. ಜಗಳದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನನ್ನ ತಕರಾರು ಕೇಳು. ಧರ್ಮ ಅಂದ ಕೂಡಲೇ ನಿನಗೆ ಬರೀ ನಂಬಿಕೆ ಕಾಣುತ್ತದೆ. ಗದಗಿನಲ್ಲಿ ಕೂತ ನನಗೆ ಕಾಣುವುದು ಕಾಳು, ಹೊಲ, ದುಡ್ಡು. ಯಾರು ಕೊಟ್ಟರು, ಅದು ಎಲ್ಲಿಗೆ ಹೋಯಿತು, ಅದರಲ್ಲಿ ಯಾರ ಹೊಟ್ಟೆ ತುಂಬಿತು, ಯಾರು ಹೊರಗೇ ನಿಂತರು.

ಇಲ್ಲೇ ಪಕ್ಕದ ಲಕ್ಕುಂಡಿಯನ್ನೇ ತಗೋ. ಅಲ್ಲಿಯ ಬ್ರಹ್ಮ ಜಿನಾಲಯ ಅನ್ನುವ ಬಸದಿಯನ್ನು, ಅಂದರೆ ಜೈನರ ಗುಡಿಯನ್ನು, ದಾನಕ್ಕೆ ಹೆಸರಾದ ಜೈನ ಹೆಣ್ಣುಮಗಳು ಅತ್ತಿಮಬ್ಬೆ ಕಟ್ಟಿಸಿದ್ದು 1007ರ ಸುಮಾರಿಗೆ. ನನಗೆ ಬಸದಿಗಿಂತ ದೊಡ್ಡದು ಅನ್ನಿಸುವುದು ಅವಳು ಕವಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ್ದು. ಅಚ್ಚಿನ ಮನೆ ಇಲ್ಲದ ಕಾಲ, ಒಂದೊಂದು ಓಲೆಗರಿಯನ್ನೂ ಕಂಟ ಅನ್ನುವ ಕಬ್ಬಿಣದ ಮೊನೆಯಲ್ಲಿ ಕೊರೆಯಬೇಕು, ಕೊರೆದದ್ದಕ್ಕೂ ಹುಳ ಹಿಡಿಯುತ್ತದೆ, ಮತ್ತೆ ಮತ್ತೆ ನಕಲು ಮಾಡಿಸದಿದ್ದರೆ ಕಾವ್ಯ ಸತ್ತೇ ಹೋಗುತ್ತದೆ. ರನ್ನ ಅಜಿತಪುರಾಣ ಬರೆದದ್ದೂ ಅವಳ ಆಶ್ರಯದಲ್ಲೇ. ಪುಣ್ಯದ ಆಸೆ ಇಲ್ಲದಿದ್ದರೆ ಅಷ್ಟು ಮಂದಿ ಬರೆಯುವವರಿಗೆ ಕೂಲಿ ಕೊಡುವವರು ಯಾರಿದ್ದರು ಹೇಳು?

ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಷನ್ ಕತೆಯೂ ಹೀಗೇ. 1837ರಲ್ಲಿ ಧಾರವಾಡಕ್ಕೆ ಬಂದದ್ದು ಏಸುವಿನ ಮಾತು ಹೇಳಲಿಕ್ಕೆ. ನಮ್ಮವರು ಕೇಳಿದ್ದು ಕಡಿಮೆ, ಶಾಲೆಗೆ ಹೋದದ್ದು ಜಾಸ್ತಿ. ಅದೇ ಮಿಷನ್ನಿನ ಕಿಟೆಲ್ 1894ರಲ್ಲಿ ಅಚ್ಚು ಹಾಕಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಇವತ್ತಿಗೂ ನನ್ನ ಮೇಜಿನ ಮೇಲಿದೆ.

ಇನ್ನು ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕಡೆಯ ಕಣ್ಣಿಲ್ಲದ ಹುಡುಗನೊಬ್ಬನನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಕರೆದುಕೊಂಡು ಸಂಗೀತ ಕಲಿಯಲಿಕ್ಕೆ ದಾರಿ ಮಾಡಿಕೊಟ್ಟರು. ಆ ಹುಡುಗನೇ ಪಂಚಾಕ್ಷರ ಗವಾಯಿ. ಮುಂದೆ ಅವರು ಈ ಆಶ್ರಮದಲ್ಲಿ ತಮ್ಮಂಥ ಮಕ್ಕಳಿಗೆ ಊಟ, ವಸತಿ, ಪಾಠ ಮೂರನ್ನೂ ಕೊಟ್ಟರು. ದುಡ್ಡು ಎಲ್ಲಿಂದ? ಭಕ್ತರ ಕಾಣಿಕೆ, ಸಾಲದ್ದಕ್ಕೆ ನಾಟಕ ಕಂಪನಿ! 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೂ ಆಶ್ರಮವನ್ನು ನಡೆಸಿದರು. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ತಯಾರಾದದ್ದು ಪಂಚಾಕ್ಷರ ಗವಾಯಿಗಳ ಕೈಯಲ್ಲೇ. ಮಜಾ ನೋಡು, ಮುಸ್ಲಿಂ ಉಸ್ತಾದರ ಮನೆಗಳಲ್ಲಿ ಬೆಳೆದ ಖಯಾಲು ಅನ್ನುವ ಹಿಂದೂಸ್ತಾನಿ ಹಾಡಿಕೆ, ಲಿಂಗಾಯತ ಸ್ವಾಮಿಗಳ ಆಸರೆ, ಹಾಡುವುದು ಶರಣರ ವಚನವೂ ಹೌದು, ದಾಸರ ಪದವೂ ಹೌದು. ಇದನ್ನು ಯಾರೂ ಕೂತು ಯೋಜನೆ ಹಾಕಿ ಮಾಡಿದ್ದಲ್ಲ.

ಈಗ ಜಗಳಕ್ಕೆ ಬಂದೆ. ಹಾವೇರಿ ಜಿಲ್ಲೆಯ ಅಬಲೂರು ನೆನಪಿದೆಯಲ್ಲ, ಸರ್ವಜ್ಞನ ಊರು ಅಂತಲೂ ಹೇಳುತ್ತಾರೆ. ಅಲ್ಲಿಯ ಸೋಮೇಶ್ವರ ಗುಡಿಯ ಶಾಸನ ಸುಮಾರು 1200ರದ್ದು. ಏಕಾಂತದ ರಾಮಯ್ಯ ಅನ್ನುವ ಶಿವಭಕ್ತ ಜೈನರ ಜೊತೆ ಪಣ ಕಟ್ಟಿ, ತಲೆ ಕತ್ತರಿಸಿಕೊಂಡು, ಏಳು ದಿನಕ್ಕೆ ಮರಳಿ ಪಡೆದು, ಜಿನಬಿಂಬ ಒಡೆದ ಅಂತ ಅದು ಹೆಮ್ಮೆಯಿಂದ ಹೇಳುತ್ತದೆ. ಜೈನರ ದೂರು ಹೋದರೂ ರಾಜ ಬಿಜ್ಜಳ ಕೊನೆಗೆ ರಾಮಯ್ಯನಿಗೇ ಜಯಪತ್ರ, ಅಂದರೆ ಗೆದ್ದವನು ನೀನೇ ಅನ್ನುವ ಬರಹ, ಕೊಟ್ಟನಂತೆ. ತಲೆಯ ಕತೆ ಬಿಡು. ಒಡೆದದ್ದನ್ನು ಮುಚ್ಚಿಡದೆ ಕಲ್ಲಿನಲ್ಲಿ ಕೆತ್ತಿಸಿದ್ದಾರಲ್ಲ, ಅದು ನನ್ನನ್ನು ಕಾಡುತ್ತದೆ. ಲಕ್ಕುಂಡಿಯಲ್ಲಿ ಕಾವ್ಯ ಉಳಿಸಿದ್ದೂ ಪುಣ್ಯ, ಇಲ್ಲಿ ಜಿನಬಿಂಬ ಒಡೆದದ್ದೂ ಪುಣ್ಯ. ಇದಕ್ಕಿಂತ ಸದ್ದಿಲ್ಲದ ಅನ್ಯಾಯ ಇನ್ನೊಂದಿದೆ. ಗುಡಿಗೆ ಬಿಟ್ಟ ಹೊಲದಲ್ಲಿ ಬೆವರು ಸುರಿಸಿದವರಿಗೇ ಎಷ್ಟೋ ಕಡೆ ಹೊಸ್ತಿಲು ದಾಟುವ ಹಕ್ಕು ಇರಲಿಲ್ಲ.

ಅದಕ್ಕೇ ನಿನ್ನ ಮಾತು ಸುಳ್ಳು ಅನ್ನುವುದಿಲ್ಲ, ಅರ್ಧ ಅನ್ನುತ್ತೇನೆ. ನನ್ನ ಅನುಮಾನ ಬೇರೆ. ಈಗ ಶಾಲೆ, ಹಾಸ್ಟೆಲ್, ಬಿಸಿಯೂಟ ಎಲ್ಲ ಸರ್ಕಾರದ್ದೂ ಇದೆ. ಮಠಗಳು ಇನ್ನೂ ಮಾಡುತ್ತಿವೆ, ಇಲ್ಲ ಅನ್ನುವುದಿಲ್ಲ. ಆದರೆ ಅನ್ನ ಹಾಕುವ ಕೆಲಸ ಕಡಿಮೆ ಆದಷ್ಟೂ ಮೆರವಣಿಗೆ, ಬಾವುಟ, ಮೈಕು ಜಾಸ್ತಿ ಆಗುತ್ತಿವೆ ಅನ್ನಿಸುವುದಿಲ್ಲವಾ? ನಿನ್ನ ಊರಿನ ಕಡೆ ಹೇಗಿದೆ, ಬರಿ. ಬೈದರೂ ಪರವಾಗಿಲ್ಲ, ಉದ್ದ ಬರಿ.

ಇಂತಿ ನಿನ್ನ,
ಗದಗಿನ ಗೆಳೆಯ