ಸಿಸ್ಟರ್‌ಗೆ ಬಾಕಿ ಉಳಿದಿದ್ದ ಒಂದು ಥ್ಯಾಂಕ್ಸ್

ಮೊನ್ನೆ ತಿಂಗಳ ಕೊನೆಗೆ ಬ್ಯಾಂಕಿನಿಂದ ನಿವೃತ್ತನಾದೆ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೈಕ್ ಕೈಗೆ ಬಂದಾಗ ಮಾತ್ರ ಬಾಯಿ ಕಟ್ಟಿಹೋಯಿತು. ‘ಎಲ್ಲರಿಗೂ ಧನ್ಯವಾದ’ ಅಂದು ಕೂತುಬಿಟ್ಟೆ. ಮನೆಗೆ ಬಂದ ಮೇಲೆ ಹೆಂಡತಿ ಬೈದಳು. ‘ಇಪ್ಪತ್ನಾಲ್ಕು ವರ್ಷ ಜೊತೆಗಿದ್ದವರಿಗೆ ಎರಡೇ ಮಾತಾ?’ ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೆಟ್ಟಿಲು ಹತ್ತಲಾಗದ ದಿನ ಲೆಡ್ಜರನ್ನೇ ಕೆಳಗೆ ತಂದುಕೊಟ್ಟವರು, ಮಳೆಗಾಲದಲ್ಲಿ ಬೈಕಿನ ಮೇಲೆ ಮನೆತನಕ ಬಿಟ್ಟವರು, ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್‌ಗೆ ಹೋಗಬೇಕಾದಾಗೆಲ್ಲ ರಜೆಗೆ ಹೂಂ ಅಂದ ಮ್ಯಾನೇಜರುಗಳು, ನನ್ನ ಅಣ್ಣತಮ್ಮಂದಿರು, ಅಳಿಯ, ಯೂನಿಟ್‌ನ ಹಳೇ ಗೆಳೆಯರು, ನಿಮಗೆಲ್ಲ ಕೈ ಮುಗಿಯುತ್ತೇನೆ. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ನಗುತ್ತಾಳೆ. ಅವಳ ಲೆಕ್ಕ ಬೇರೆ.

ಆದರೆ ಅವತ್ತು ಬಾಯಿ ಕಟ್ಟಿದ್ದು ಬೇರೆಯೊಬ್ಬರು ನೆನಪಾಗಿ.

ಕಾಲಿನ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. 1999ರ ಜೂನ್ ಮೊದಲ ವಾರ, ಕಾರ್ಗಿಲ್ ಯುದ್ಧ. ತೊಲೊಲಿಂಗ್ ಬೆಟ್ಟ ಇನ್ನೂ ಪಾಕಿಸ್ತಾನದವರ ಕೈಯಲ್ಲಿತ್ತು. ಮೇಲೆ ಕೂತವರಿಗೆ ದ್ರಾಸ್ ಹತ್ತಿರದ ಹೆದ್ದಾರಿ ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿತ್ತು. ನಾವು ಸೇನೆಯ ಡ್ರೈವರುಗಳು ರಾತ್ರಿ ಹೊತ್ತು ಹೆಡ್‌ಲೈಟ್ ಆರಿಸಿಕೊಂಡು ಗಾಡಿ ಓಡಿಸುತ್ತಿದ್ದೆವು. ಒಂದು ಶೆಲ್ ಬಿತ್ತು. ಆಮೇಲೆ ನಾನು ಸರಿಯಾಗಿ ಕಣ್ಣು ಬಿಟ್ಟಿದ್ದು ಶ್ರೀನಗರದ ಬಾದಾಮಿ ಬಾಗ್‌ನಲ್ಲಿ, 92 ಬೇಸ್ ಹಾಸ್ಪಿಟಲ್‌ನಲ್ಲಿ.

ವಾರ್ಡಿನಲ್ಲಿ ಮಂಚಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. (ನನಗೆ ಇಡಲು ಕಾಲೂ ಇರಲಿಲ್ಲ, ಬಿಡಿ.) ಹೆಲಿಕಾಪ್ಟರ್ ಸದ್ದು ಕೇಳಿದರೆ ಸಾಕು, ಇನ್ನೊಂದಷ್ಟು ಸ್ಟ್ರೆಚರ್ ಬಂತು ಅಂತ ಲೆಕ್ಕ. ಅಲ್ಲೊಬ್ಬರು ಸಿಸ್ಟರ್ ಇದ್ದರು. ಕೇರಳದವರು. ಹೆಗಲ ಮೇಲೆ ಮೂರು ಸ್ಟಾರ್, ಅಂದರೆ ಕ್ಯಾಪ್ಟನ್. ಮಿಲಿಟರಿ ನರ್ಸಿಂಗ್ ಸರ್ವಿಸ್‌ನವರು ಅಧಿಕಾರಿಗಳು ಅನ್ನುವುದು ಊರಿನಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಾನು ಹವಾಲ್ದಾರ್. ಹೊರಗೆ ಸಿಕ್ಕಿದ್ದರೆ ಸೆಲ್ಯೂಟ್ ಹೊಡೆಯಬೇಕಾದವನು. ಆ ರಾತ್ರಿ ನನಗೆ ಬೆಡ್‌ಪ್ಯಾನ್ ಹಿಡಿದವರು ಅವರು.

ಅವರ ಡ್ಯೂಟಿ ಸಂಜೆಗೇ ಮುಗಿದಿತ್ತು. ಹೋಗಲಿಲ್ಲ. ನನಗೆ ಇಲ್ಲದ ಪಾದದ ಹೆಬ್ಬೆರಳು ತುರಿಸುತ್ತಿತ್ತು. ಹೇಳಿಕೊಂಡರೆ ಹುಚ್ಚ ಅನ್ನುತ್ತಾರೆ ಅಂತ ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಕೊನೆಗೆ ತಡೆಯಲಾರದೆ ಹೇಳಿದೆ. ಅವರು ನಗಲಿಲ್ಲ. ‘ಎಲ್ಲಿ?’ ಅಂತ ಕೇಳಿದರು. ತೋರಿಸಿದೆ. ಆ ಜಾಗದಲ್ಲಿ ಬರೀ ಹಾಸಿಗೆ ಇತ್ತು. ಅದನ್ನೇ ಬೆರಳಿನಿಂದ ಮೆಲ್ಲಗೆ ಕೆರೆದರು. ನಂಬುತ್ತೀರೋ ಬಿಡುತ್ತೀರೋ, ತುರಿಕೆ ಸ್ವಲ್ಪ ಕಮ್ಮಿಯಾಯಿತು.

ಪಕ್ಕದ ಮಂಚದಲ್ಲಿ ಒಬ್ಬ ಗಢವಾಲಿ ಹುಡುಗ. ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು. ಕಾರ್ಗಿಲ್‌ನಲ್ಲಿ ನಮ್ಮವರು 527 ಮಂದಿ ತೀರಿಕೊಂಡರು, 1,363 ಮಂದಿ ಗಾಯಗೊಂಡರು ಅಂತ ಲೆಕ್ಕ ಹೇಳುತ್ತಾರೆ. ನಾವಿಬ್ಬರೂ ಎರಡನೇ ಲೆಕ್ಕದಲ್ಲಿದ್ದೆವು. ಬೆಳಗಿನ ನಾಲ್ಕರ ಹೊತ್ತಿಗೆ ಅವನು ಮೊದಲನೇ ಲೆಕ್ಕಕ್ಕೆ ಹೋದ. ಹೋಗುವಾಗ ಅವ್ವನನ್ನು ಕರೆಯುತ್ತಿದ್ದ. ಸಿಸ್ಟರ್ ಅವನ ಕೈ ಹಿಡಿದುಕೊಂಡು ‘ಹಾಂ ಬೇಟಾ, ಇಲ್ಲೇ ಇದ್ದೀನಿ’ ಅನ್ನುತ್ತಿದ್ದರು. ಅವನಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೇ.

ಆಮೇಲೆ ಅವರು ವಾರ್ಡಿನ ಕೊನೆಯ ನಲ್ಲಿಗೆ ಹೋಗಿ ಕೈ ತೊಳೆದರು. ತುಂಬಾ ಹೊತ್ತು ತೊಳೆದರು. ಬೆನ್ನು ನಮ್ಮ ಕಡೆಗಿತ್ತು. ನೀರಿನ ಸದ್ದು ನಿಲ್ಲುತ್ತಲೇ ಇಲ್ಲ. ಅಷ್ಟು ತೊಳೆಯುವಂಥದ್ದು ಕೈಮೇಲೆ ಏನೂ ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ. ಇರಲಿ.

ತಿರುಗಿ ಬಂದು ನನ್ನನ್ನು ಕೇಳಿದರು, ‘ಮನೆಗೆ ಕಾಗದ ಬರೆಯೋಣವಾ?’

ನನ್ನ ಬಲಗೈಗೆ ಬ್ಯಾಂಡೇಜ್. ಅವರಿಗೆ ಕನ್ನಡ ಬಾರದು. ಹೆಂಡತಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಆದರೆ ನಮ್ಮ ಖಾನಾಪುರದ ಕಡೆ ಮರಾಠಿ ಓದುವವರಿಗೆ ಬರವೇ? ನಾನು ಕನ್ನಡದಲ್ಲಿ ಹೇಳುವುದು, ಅವರು ಅದನ್ನು ಹಿಂದಿ ಅಕ್ಷರದಲ್ಲಿ ಬರೆಯುವುದು, ಪಕ್ಕದ ಮನೆಯ ಕಾಕು ಓದಿ ಹೇಳುವುದು, ಹೀಗೆ ಠರಾವಾಯಿತು. ಪ್ರತಿ ಸಾಲಿಗೂ ಅರ್ಥ ಕೇಳಿಕೊಂಡೇ ಬರೆಯುತ್ತಿದ್ದರು.

‘ಕಾಲಿಗೆ ಸ್ವಲ್ಪ ಪೆಟ್ಟಾಗಿದೆ’ ಅಂದೆ. ಅರ್ಥ ಕೇಳಿದರು, ಹೇಳಿದೆ. ಪೆನ್ನು ನಿಂತಿತು. ‘ಇದನ್ನು ನಾನು ಬರೆಯಲ್ಲ. ನೀವು ಮನೆಗೆ ಹೋಗಿ ನಿಂತಾಗ ನೋಡಿ ತಿಳಿದುಕೊಳ್ಳಬೇಕಾ ಅವರು?’ ಅಂದರು. ನನಗೆ ಸಿಟ್ಟು ಬಂತು. ಏನೇನೋ ಅಂದೆ. ಅಧಿಕಾರಿಗೆ ಅನ್ನಬಾರದ ಮಾತೂ ಅಂದೆ. ಸುಮ್ಮನೆ ಕೇಳಿಸಿಕೊಂಡರು. ಪಕ್ಕದ ಮಂಚದ ಹಾಸಿಗೆಯನ್ನು ಆಗ ಯಾರೋ ಸುತ್ತುತ್ತಿದ್ದರು. ಅದನ್ನು ನೋಡಿ ನಾನೇ ತಣ್ಣಗಾದೆ. ‘ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಉಳಿದದ್ದೆಲ್ಲ ಇದೆ’ ಅಂತ ಹೇಳಿದೆ. ಅದನ್ನು ಬರೆದರು.

ಮೂರು ದಿನದ ಮೇಲೆ ನನ್ನನ್ನು ಮುಂದಿನ ಆಸ್ಪತ್ರೆಗೆ ಸಾಗಿಸಿದರು. ಬೆಳಗಿನ ಜಾವ. ಸಿಸ್ಟರ್ ಅವತ್ತು ಡ್ಯೂಟಿಯಲ್ಲಿರಲಿಲ್ಲ. ಎಲ್ಲೋ ಒಂದಿಷ್ಟು ನಿದ್ದೆ ಮಾಡುತ್ತಿದ್ದಿರಬೇಕು. ಎಬ್ಬಿಸಿ ಅಂತ ಕೇಳುವ ಮನಸ್ಸಾಗಲಿಲ್ಲ. ಥ್ಯಾಂಕ್ಸ್ ಅಲ್ಲೇ ಉಳಿಯಿತು.

ಪ್ರತಿ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸಕ್ಕೆ, ನನ್ನನ್ನು ಯಾವುದಾದರೂ ಶಾಲೆಗೆ ಕರೆಯುತ್ತಾರೆ. ವೀರ ಯೋಧ ಅನ್ನುತ್ತಾರೆ. ಮನೆಯಲ್ಲಿ ಶಾಲು ಇಡಲು ಜಾಗವಿಲ್ಲ. ಅಷ್ಟು ವರ್ಷದಲ್ಲಿ ಒಂದು ವೇದಿಕೆಯ ಮೇಲೂ ನರ್ಸ್‌ಗಳ ಹೆಸರು ಬಂದದ್ದು ನಾನು ಕೇಳಿಲ್ಲ. 1888ರ ಮಾರ್ಚ್ 28ರಂದು ಹತ್ತು ಮಂದಿ ನರ್ಸ್‌ಗಳು ಹಡಗಿನಲ್ಲಿ ಮುಂಬೈಗೆ ಬಂದಿಳಿದರಂತೆ. ಸೇನೆಯ ನರ್ಸಿಂಗ್ ಸೇವೆ ಶುರುವಾದದ್ದು ಅಲ್ಲಿಂದ. ಎರಡು ಮಹಾಯುದ್ಧ ನೋಡಿದ ಸೇವೆ ಅದು. ನಮ್ಮ ಕಾರ್ಯಕ್ರಮಗಳಲ್ಲಿ ಅವರಿಗೊಂದು ಕುರ್ಚಿ ಇಲ್ಲ. ನಾನೂ ಕೇಳಲಿಲ್ಲ, ಅದು ನನ್ನ ತಪ್ಪೇ.

ಸಿಸ್ಟರ್, ನಿಮ್ಮ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ಗೊತ್ತಿರುವ ಅರ್ಧವನ್ನು ಕೇಳದೆ ಇಲ್ಲಿ ಹಾಕುವುದೂ ಸರಿಯಲ್ಲ. ನೀವೂ ಈಗ ನಿವೃತ್ತರಾಗಿರುತ್ತೀರಿ. ಅವತ್ತು ಬೈದದ್ದಕ್ಕೆ ಕ್ಷಮಿಸಿ. ಆ ಕಾಗದ ಬಂದ ದಿನ ಹೆಂಡತಿ ಅತ್ತು ಮುಗಿಸಿದಳು. ನಾನು ಊರಿಗೆ ಬಂದ ದಿನ ಅಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಊರುಗೋಲು ನೋಡಿ, ‘ಊಟ ಆಗಿದೆಯಾ?’ ಅಂತ ಕೇಳಿದಳು.

ನಿನ್ನೆ ರಾತ್ರಿ ಅವಳು ಟ್ರಂಕಿನಿಂದ ಆ ಕಾಗದ ತೆಗೆದಳು. ಮಡಿಕೆಯಲ್ಲಿ ಹರಿದಿದೆ. ‘ಉಳಿದದ್ದೆಲ್ಲ’ ಅನ್ನುವಲ್ಲಿ ನೀವು ತಡೆದಿದ್ದಿರಿ, ನೆನಪಿದೆಯಾ? ನೀವು ಮಲಯಾಳಿ, ‘ಳ’ ಕಿವಿಗೆ ಸರಿಯಾಗಿಯೇ ಬಿದ್ದಿತ್ತು. ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಆ ಅಕ್ಷರ ಇರಲಿಲ್ಲ. ಮರಾಠಿಯಲ್ಲಿದೆ ಅಂತ ನಾನು ಎಡಗೈ ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದೆ, ಎಂಟನ್ನು ಅಡ್ಡ ಮಲಗಿಸಿದ ಹಾಗೆ. ನೀವು ಕಾಗದದ ಅಂಚಿನಲ್ಲಿ ಮೂರು ಸಲ ಬರೆದು ನೋಡಿದಿರಿ. ಮೊದಲ ಎರಡು ಸೊಟ್ಟಗಿವೆ. ಮೂರನೆಯದು ಚೆನ್ನಾಗಿ ಬಂದಿದೆ.