ನಿನ್ನ ಗಾಳದ ಕೋಲಿನ ವಿಷಯ

ಪ್ರಿಯ ಗೆಳೆಯಾ,

‘ಈಗ ಶನಿವಾರ, ಭಾನುವಾರ ಏನ್ ಮಾಡ್ತೀರೋ ಎಲ್ಲಾ?’ ಅಂತ ನೀನು ಕೇಳಿ ಮೂರು ವಾರ ಆಯಿತು. ಆವತ್ತೇ ಉತ್ತರ ಬರೆಯಲು ಹೊರಟಿದ್ದೆ. ‘ಏನಿಲ್ಲ ಕಣೋ, ಅದೇ ಸಿನಿಮಾ, ಅದೇ ಕೆರೆ, ಅದೇ ಹರಟೆ’ ಅಂತ ಟೈಪ್ ಮಾಡಿ ಅಳಿಸಿದೆ. ಅದೇನೂ ಸುಳ್ಳಲ್ಲ. ಆದರೆ ಒಂದು ವಿಷಯ ಬಿಟ್ಟುಹೋಗಿತ್ತು, ಬೇಕಂತಲೇ ಬಿಟ್ಟಿದ್ದೆ. ಅದನ್ನು ಮೆಸೇಜಿನಲ್ಲಿ ಹೇಳಿ ಕೈತೊಳೆದುಕೊಳ್ಳುವುದು ಸರಿ ಅನ್ನಿಸಲಿಲ್ಲ. ಅದಕ್ಕೇ ಈ ಪತ್ರ. ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಸುತ್ತಿಕೊಂಡು ಬರುತ್ತೇನೆ. ನನ್ನ ಚಾಳಿ ನಿನಗೆ ಗೊತ್ತಲ್ಲ.

ನೀನು ಹೋದ ಮೇಲೆ ಪ್ಲ್ಯಾನ್ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಗುರುವಾರ ರಾತ್ರಿ ಗ್ರೂಪಿನಲ್ಲಿ ‘ಶನಿವಾರ ಯಾರ್ಯಾರು?’ ಅಂತ ಹಾಕುತ್ತೇನೆ. ಒಬ್ಬ ಹೆಬ್ಬೆರಳು ತೋರಿಸುತ್ತಾನೆ. ಅದರರ್ಥ ‘ಬರ್ತೀನಿ’ ಅಂತಲೋ ‘ನೋಡಿದೆ’ ಅಂತಲೋ, ದೇವರಿಗೇ ಗೊತ್ತು. ಇನ್ನೊಬ್ಬ ‘ಎಲ್ಲರೂ ಬಂದರೆ ನಾನೂ’ ಅನ್ನುತ್ತಾನೆ. ಎಲ್ಲರೂ ಹಾಗೇ ಅಂದರೆ ಬರುವವರು ಯಾರು? ನೀನಿದ್ದಾಗ ಹೀಗಿರಲಿಲ್ಲ. ‘ಐದೂವರೆಗೆ ಗೇಟ್ ಹತ್ರ ನಿಂತಿರಿ’ ಅಂತ ಒಂದೇ ಸಾಲು ಬರುತ್ತಿತ್ತು. ‘ಇವನ್ಯಾವ ದೊಡ್ಡ ಮನುಷ್ಯ’ ಅಂತ ಬೈದುಕೊಂಡೇ ಗೇಟ್ ಹತ್ರ ನಿಂತಿರುತ್ತಿದ್ದೆವು. ಕೇಳಿದರೆ ಯಾರೂ ಬರುವುದಿಲ್ಲ, ಹೇಳಿದರೆ ಬರುತ್ತಾರೆ. ಇದು ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು.

ಸಿನಿಮಾ ಬಗ್ಗೆ ಹೇಳಲು ಜಾಸ್ತಿ ಇಲ್ಲ. ತಿಂಗಳಿಗೊಂದು ನೋಡುತ್ತೇವೆ. ಆರಿಸುವಾಗ ಜಗಳ, ನೋಡುವಾಗ ಒಬ್ಬನ ನಿದ್ದೆ, ಹೊರಗೆ ಬಂದ ಮೇಲೆ ಮತ್ತೆ ಜಗಳ. ನಿದ್ದೆ ಮಾಡಿದವನೇ ಕಥೆ ಸರಿಯಿಲ್ಲ ಅಂತ ಜೋರಾಗಿ ವಾದಿಸುತ್ತಾನೆ, ಅದೂ ಬದಲಾಗಿಲ್ಲ. ಮೊನ್ನೆ ಅವನಿಗೊಂದು ನೆಪ ಸಿಕ್ಕಿತು. ರೀಲಿನ ಕಾಲದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತಿದ್ದವಲ್ಲ, ಒಂದು ಚಿತ್ರ ಸರಿದು ಇನ್ನೊಂದು ಬರುವಾಗ ಅದು ಕಾಣದ ಹಾಗೆ ಪ್ರೊಜೆಕ್ಟರಿನೊಳಗಿನ ರೆಕ್ಕೆಯೊಂದು ಬೆಳಕನ್ನು ಮುಚ್ಚುತ್ತಿತ್ತು. ನಿಂತ ಚಿತ್ರವನ್ನೂ ನಡುವೆ ಒಮ್ಮೆ ಮುಚ್ಚಿ ತೆಗೆಯುತ್ತಿತ್ತು, ಮಿಣುಕು ಕಾಣಬಾರದು ಅಂತ. ಎಲ್ಲ ಸೇರಿಸಿದರೆ ಜನ ಹತ್ತಿರಹತ್ತಿರ ಅರ್ಧ ಹೊತ್ತು ಕತ್ತಲೆ ಪರದೆಯನ್ನೇ ನೋಡುತ್ತಾ ಕೂತಿರುತ್ತಿದ್ದರು. ‘ಅವರು ನೋಡ್ತಾ ನೋಡ್ತಾ ಬಿಟ್ಟಿದ್ದನ್ನ ನಾನು ಒಟ್ಟಿಗೆ ಬಿಟ್ಟೆ, ಅಷ್ಟೇ’ ಅಂದ. ಎಷ್ಟು ಬೈದರೂ ಮುಖದಲ್ಲಿ ನಾಚಿಕೆ ಇಲ್ಲ.

ಬ್ರಂಚ್ ಅನ್ನುವುದು ಹೊಸ ಚಟ. ನೀನಿದ್ದಾಗ ಶುರುವಾಗಿರಲಿಲ್ಲ. ಮೊದಲು ನನಗೂ ಈ ಹೆಸರು ಕೇಳಿದರೆ ನಗು ಬರುತ್ತಿತ್ತು. ತಡವಾಗಿ ಎದ್ದಿದ್ದಕ್ಕೆ ಒಂದು ಮರ್ಯಾದೆಯ ಹೆಸರು, ಅಷ್ಟೇ ಅಲ್ವಾ? ನೋಡಿದರೆ ಅದರ ಹುಟ್ಟೇ ಅದು. ಇಂಗ್ಲೆಂಡಿನ ಗೈ ಬೆರಿಂಜರ್ ಎಂಬಾತ 1895ರಲ್ಲಿ ಪತ್ರಿಕೆಯೊಂದರಲ್ಲಿ ಇದರ ಪರವಾಗಿ ವಾದ ಹೂಡಿದ್ದ. ಶನಿವಾರ ರಾತ್ರಿ ಮೋಜು ಮಾಡಿದವರು ಭಾನುವಾರ ಬೇಗ ಏಳುವ ಕಷ್ಟ ಯಾಕೆ ಪಡಬೇಕು, ಬೆಳಗಿನ ತಿಂಡಿ ಮತ್ತು ಊಟ ಎರಡನ್ನೂ ಸೇರಿಸಿ ಒಂದೇ ಮಾಡಿ ಅಂತ. ಇದನ್ನು ಓದಿದ ಮೇಲೆ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು.

ಇನ್ನೂ ತಮಾಷೆ ಏನು ಗೊತ್ತಾ? ಲುಮಿಯೇರ್ ಸೋದರರು ಪ್ಯಾರಿಸ್ಸಿನಲ್ಲಿ ದುಡ್ಡು ತೆಗೆದುಕೊಂಡು ಜನರಿಗೆ ಮೊದಲ ಸಲ ಸಿನಿಮಾ ತೋರಿಸಿದ್ದೂ ಅದೇ ವರ್ಷ, ಡಿಸೆಂಬರ್ 28ಕ್ಕೆ. ಒಂದೊಂದೂ ಒಂದು ನಿಮಿಷದೊಳಗಿನ ಹತ್ತು ತುಣುಕು. ತೋರಿಸಿದ್ದು ಎಲ್ಲಿ? ಒಂದು ಕೆಫೆಯ ನೆಲಮಾಳಿಗೆಯಲ್ಲಿ. ಕ್ಯಾಲೆಂಡರ್ ಲೆಕ್ಕ ಹಾಕಿದೆ, ಆವತ್ತು ಶನಿವಾರ! ಅವರೂ ನಮ್ಮ ಹಾಗೆ ವಾರಾಂತ್ಯಕ್ಕೆ ಹೊರಟವರೇ ಇರಬೇಕು. ಹತ್ತನೆಯ ತುಣುಕಿನ ಹೊತ್ತಿಗೆ ಯಾರೋ ಒಬ್ಬ ನಿದ್ದೆ ಮಾಡಿರುತ್ತಾನೆ ಅಂತ ನಮ್ಮವನ ವಾದ.

ಆದರೂ ಬ್ರಂಚಿನಲ್ಲಿ ನನಗೊಂದು ಕೊರತೆ ಕಾಣುತ್ತದೆ. ಮೇಜಿನ ಸುತ್ತ ಎಲ್ಲರೂ ಮುಖಕ್ಕೆ ಮುಖ ಕೊಟ್ಟು ಕೂರಬೇಕು. ಹಾಗೆ ಕೂತರೆ ಜೋಕು ಬರುತ್ತದೆ, ಕಾಲೆಳೆಯುವುದು ಬರುತ್ತದೆ, ಮಾತು ಬರುವುದಿಲ್ಲ. ನಿಜವಾದ ಮಾತು ಹೇಳುವಾಗ ಕಣ್ಣಿಗೆ ಬೇರೆ ಏನಾದರೂ ಕೆಲಸ ಇರಬೇಕು. ಅಪ್ಪನ ಆಪರೇಷನ್ ವಿಷಯ ನಾನು ನಿನಗೆ ಮೊದಲು ಹೇಳಿದ್ದು ಕೆರೆ ದಂಡೆಯಲ್ಲಿ. ಇಲ್ಲಿಂದ ಹೋಗುತ್ತಿದ್ದೇನೆ ಅಂತ ನೀನು ಹೇಳಿದ್ದೂ ಅಲ್ಲೇ. ನೀರಿನ ಮೇಲೆ ತೇಲುತ್ತಿದ್ದ ಗಾಳದ ಬೆಂಡಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದೆ. ನಾನೂ ಬೆಂಡು ನೋಡುತ್ತಲೇ ‘ಯಾವಾಗ?’ ಅಂತ ಕೇಳಿದೆ. ಆ ಬೆಂಡು ಮುಳುಗಿ ಎದ್ದರೂ ಇಬ್ಬರೂ ಕೋಲು ಎತ್ತಲಿಲ್ಲ, ನೆನಪಿದೆಯಾ?

ಹಾಂ, ಮೀನಿನ ವಿಷಯದಲ್ಲಿ ನಿನ್ನ ಮೇಲೆ ಒಂದು ದೂರಿದೆ. ಎಂಟು ವರ್ಷ ‘ಶ್! ಮಾತಾಡಬೇಡ್ರೋ, ಮೀನು ಓಡುತ್ತೆ’ ಅಂತ ನಮ್ಮ ಬಾಯಿ ಮುಚ್ಚಿಸಿದೆಯಲ್ಲ, ಅದು ತಪ್ಪು ಮಾರಾಯ. ಗಾಳಿಯಲ್ಲಿ ಆಡಿದ ಮಾತು ನೀರಿನೊಳಗೆ ಇಳಿಯುವುದೇ ಕಷ್ಟ. ಹೆಚ್ಚುಕಮ್ಮಿ ಎಲ್ಲವೂ ನೀರಿನ ಮೇಲ್ಮೈಗೆ ಬಡಿದು ವಾಪಸ್ ಹೋಗುತ್ತದೆ. ಮೀನಿಗೆ ತಿಳಿಯುವುದು ದಂಡೆಯ ಮೇಲೆ ನಾವು ದಪದಪ ಹೆಜ್ಜೆ ಹಾಕಿದ್ದು. ನೆಲದ ಅದುರು ನೀರಿಗೆ ದಾಟುತ್ತದೆ. ದಾಟಿದ ಮೇಲೆ ಕೇಳಬೇಕಾ? ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗಿಂತ ಜಾಸ್ತಿ. ಸಾಲದ್ದಕ್ಕೆ ಮೀನಿನ ಎರಡೂ ಪಕ್ಕೆಯ ಉದ್ದಕ್ಕೆ ಒಂದು ಗೆರೆ ಇರುತ್ತದಲ್ಲ, ನೀರು ಸ್ವಲ್ಪ ಅಲುಗಿದರೂ ಅದಕ್ಕೆ ಗೊತ್ತಾಗುತ್ತದೆ. ನಮ್ಮ ಬಾಯಿ ಮುಚ್ಚಿಸಿ ನೀನು ಗಮ್ ಬೂಟು ಹಾಕಿಕೊಂಡು ದಂಡೆ ಉದ್ದಕ್ಕೂ ಓಡಾಡುತ್ತಿದ್ದೆ. ಮೀನು ಓಡಿಸಿದವನು ಯಾರು ಈಗ ಹೇಳು.

ಇದನ್ನೆಲ್ಲ ನನಗೆ ಹೇಳಿದ್ದು ಹೊಸಬ. ಇಗೋ, ಸುತ್ತಿ ಸುತ್ತಿ ಅಲ್ಲಿಗೇ ಬಂದೆ.

ಹೊಸಬ ಅಂದರೆ, ಆಫೀಸಿನ ಪರಿಚಯ. ಹತ್ತು ತಿಂಗಳ ಹಿಂದೆ ಸುಮ್ನೆ ಒಂದು ಮಾತಿಗೆ ‘ಬರ್ತೀರಾ’ ಅಂದೆ, ಬಂದುಬಿಟ್ಟರು. ಈಗ ‘ಬರ್ತೀಯಾ’ ಆಗಿದೆ. ಕಾರಿನಲ್ಲಿ ನೀನು ಕೂರುತ್ತಿದ್ದ ಎಡಗಡೆ ಕಿಟಕಿಯ ಸೀಟಿನಲ್ಲಿ ಕೂರುತ್ತಾನೆ. ಮೊದಲ ದಿನ ಅವನು ಅಲ್ಲಿ ಕೂತಾಗ ನಾವು ಯಾರೂ ಮಾತಾಡಲಿಲ್ಲ. ಅವನಿಗೇನು ಗೊತ್ತು ಪಾಪ.

ಅವನ ಹತ್ತಿರ ಗಾಳದ ಕೋಲು ಇರಲಿಲ್ಲ. ನಿನ್ನದು ನನ್ನ ಮನೆಯ ಬಾಗಿಲ ಹಿಂದೆ ಇತ್ತು. ‘ಯಾರಿಗೂ ಕೊಡಬೇಡ’ ಅಂದಿದ್ದೆ ನೀನು. ನಾಲ್ಕೈದು ವಾರ ಕೊಡಲಿಲ್ಲ. ಅವನು ಸುಮ್ನೆ ಪಕ್ಕದಲ್ಲಿ ಕೂತು ಎರೆಹುಳು ಸಿಕ್ಕಿಸಿ ಕೊಡುತ್ತಿದ್ದ, ಗಂಟು ಬಿಡಿಸುತ್ತಿದ್ದ. ಬಾಗಿಲ ಹಿಂದೆ ಒಂದು ಕೋಲು ಧೂಳು ತಿನ್ನುತ್ತಿರುವಾಗ ಒಬ್ಬ ಬರಿಗೈಯಲ್ಲಿ ಕೂರುವುದನ್ನು ಎಷ್ಟು ದಿನ ನೋಡುವುದು? ಒಂದು ಶನಿವಾರ ತಗೊಂಡು ಹೋಗಿ ಅವನ ಕೈಗೆ ಕೊಟ್ಟೆ.

ಬೆಳಗ್ಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅವನು ಕುಕ್ಕರುಗಾಲಲ್ಲಿ, ದಂಡೆಯಿಂದ ಎರಡು ಹೆಜ್ಜೆ ಹಿಂದೆ ಕೂತ. ಯಾಕೆ ಅಂದರೆ, ಮೀನಿಗೆ ಮೇಲಿನ ಲೋಕವೆಲ್ಲ ತಲೆ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದಂತೆ, ಬೆಳಕು ನೀರಿಗೆ ಇಳಿಯುವಾಗ ಬಾಗುತ್ತದಲ್ಲ, ಅದಕ್ಕೆ. ತಗ್ಗಿ ದೂರ ಕೂತವನು ಆ ಕಿಟಕಿಯ ಅಂಚಿನಲ್ಲಿ ಚಪ್ಪಟೆಯಾಗಿ ಹೋಗುತ್ತಾನೆ, ಮೀನಿಗೆ ಸರಿಯಾಗಿ ಕಾಣುವುದೇ ಇಲ್ಲ. ನಾವು ಇಷ್ಟು ವರ್ಷ ಹಳದಿ ಟಿ ಶರ್ಟು ಹಾಕಿಕೊಂಡು ನೀರಿನಂಚಿಗೇ ಹೋಗಿ ನಿಂತು ‘ಇವತ್ತು ಕಚ್ತಾ ಇಲ್ಲ’ ಅನ್ನುತ್ತಿದ್ದೆವು. ಇಪ್ಪತ್ತು ನಿಮಿಷ ಆಗಿರಬೇಕು. ಬೆಂಡು ಎರಡು ಸಲ ನಡುಗಿತು, ಮೂರನೆಯ ಸಲ ಸರ್‍ರಂತ ಅಡ್ಡಕ್ಕೆ ಹೋಗಿ ಮುಳುಗಿತು. ನಿನ್ನ ಕೋಲು ಬಿಲ್ಲಿನ ಹಾಗೆ ಬಾಗಿದ್ದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಮೀನಿನ ಮೇಲಲ್ಲ, ಯಾವುದರ ಮೇಲೆ ಅಂತ ಇನ್ನೂ ಗೊತ್ತಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದು. ಅವನು ಮೊದಲು ಕೈ ಒದ್ದೆ ಮಾಡಿಕೊಂಡ. ಒಣಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ಹತ್ತುತ್ತದಂತೆ. ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟ. ಎಲ್ಲರೂ ಕೇಕೆ ಹಾಕಿದೆವು. ಮಾತಿಗೆ ಮೀನು ಓಡುವುದಿಲ್ಲ ಅಂತ ಗೊತ್ತಾಗಿತ್ತಲ್ಲ.

ವಾಪಸ್ ಹೊರಡುವಾಗ ಡಿಕ್ಕಿಯಲ್ಲಿ ಸಾಮಾನು ತುಂಬಿದೆವು. ಕೋಲು ಹೊರಗೆ ಸ್ವಲ್ಪ ಚಾಚಿಕೊಂಡಿತ್ತು. ಡಿಕ್ಕಿ ಧಡಾರನೆ ಮುಚ್ಚಿತು. ತುದಿ ನಾಲ್ಕು ಇಂಚು ಮುರಿಯಿತು.

ಮುಚ್ಚಿದ್ದು ಹೊಸಬನಲ್ಲ ಕಣೋ. ನಾನು.

ಅವನು ಏನೂ ಅನ್ನಲಿಲ್ಲ. ಕೋಲು ಮನೆಗೆ ಒಯ್ದ. ಮಾರನೇ ದಿನ ಸಂಜೆ ನನ್ನನ್ನೂ ಕರೆದ. ಮುರಿದ ಕಡೆ ಸಮವಾಗಿ ಕೊಯ್ದು, ಉಜ್ಜಿ, ದಾರ ತೂರಿಸುವ ಹೊಸ ತುದಿ ಬಳೆ ಸಿಕ್ಕಿಸಿ ಅಂಟು ಹಾಕಿದೆವು. ಒಂದು ಸಂಜೆಯಲ್ಲಿ ಮುಗಿಯಲಿಲ್ಲ. ಮೊದಲ ಸಲ ಬಳೆ ಸೊಟ್ಟಗೆ ಕೂತು, ಬಿಸಿ ಮಾಡಿ ತೆಗೆದು ಮತ್ತೆ ಹಾಕಿದೆವು. ಕೋಲು ಈಗ ಮೊದಲಿಗಿಂತ ಗಿಡ್ಡ, ತುದಿ ಸ್ವಲ್ಪ ಬಿರುಸು. ಸಣ್ಣ ಮೀನು ಮುಟ್ಟಿದ್ದು ಕೈಗೆ ಅಷ್ಟು ಗೊತ್ತಾಗುವುದಿಲ್ಲ. ಉಳಿದಂತೆ ಚೆನ್ನಾಗಿದೆ. ತಪ್ಪಾಯಿತು.

ಆ ಎರಡು ಸಂಜೆ ಅವನ ಪಕ್ಕ ಕೂತು ಉಜ್ಜುಕಾಗದ ಉಜ್ಜುವಾಗ ಜೆಫ್ರಿ ಹಾಲ್ ಅನ್ನುವವರ ಒಂದು ಲೆಕ್ಕ ನೆನಪಾಯಿತು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದವರು. 2018ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, ಪರಿಚಯದವನು ಮಾಮೂಲಿ ಗೆಳೆಯ ಆಗಲು ಸುಮಾರು 50 ಗಂಟೆ ಜೊತೆಗಿರಬೇಕು, ಗೆಳೆಯ ಅನ್ನಿಸಿಕೊಳ್ಳಲು 90, ಹತ್ತಿರದವನಾಗಲು 200ಕ್ಕೂ ಮೇಲೆ. ಜೊತೆಗೆ ಕೆಲಸ ಮಾಡಿದ ಗಂಟೆಗಳಿಗೆ ಅಷ್ಟು ಬೆಲೆ ಇಲ್ಲ. ಹಾಗಾಗಿ ಆಫೀಸು ಬಿಟ್ಟು ಲೆಕ್ಕ ಹಾಕಿದೆ. ವಾರಕ್ಕೆ ನಾಲ್ಕು ಗಂಟೆ, ಮಳೆ ಬಂದ ವಾರ, ಅವನು ಬಾರದ ವಾರ ಕಳೆದರೆ 150ರ ಹತ್ತಿರ. ಇನ್ನೂ ಐವತ್ತು ಬಾಕಿ. ಆದರೂ ನಾವು ಅವನನ್ನು ಹೊಸಬ ಅಂತಲೇ ಕರೆಯುತ್ತೇವೆ. ನಮ್ಮಿಬ್ಬರ ಗಂಟೆ ಎಣಿಸಲು ಹೋಗಲಿಲ್ಲ. ನೀನು ತಡವಾಗಿ ಬಂದು ನಾನು ಕಾದಿದ್ದನ್ನೂ ಸೇರಿಸಬೇಕಾ, ಬೇಡವಾ ಅಂತಲೇ ಜಗಳವಾಗುತ್ತದೆ.

ಕೋಲನ್ನು ಅವನು ಪ್ರತಿ ಸಲ ವಾಪಸ್ ತಂದು ನನ್ನ ಮನೆಯ ಬಾಗಿಲ ಹಿಂದೆಯೇ ಇಡುತ್ತಾನೆ. ‘ನಿನ್ನ ಹತ್ರಾನೇ ಇರಲಿ’ ಅಂದರೂ ಕೇಳುವುದಿಲ್ಲ. ಅದು ಯಾರದು ಅಂತ ಅವನಿಗೆ ನಾವ್ಯಾರೂ ಹೇಳಿರಲಿಲ್ಲ. ಹಿಡಿಯ ಮೇಲೆ ನೀನು ಚಾಕುವಿನಲ್ಲಿ ಗೀರಿದ ಅಕ್ಷರ ನೋಡಿ ತಿಳಿದುಕೊಂಡಿದ್ದಾನೆ.

ಮುಂದಿನ ತಿಂಗಳು ನಿನಗೆ ನಾಲ್ಕು ದಿನ ರಜೆ ಇದೆ ಅಂತ ಗೊತ್ತು. ದೊಡ್ಡ ಪ್ರವಾಸ ಅಂತೆಲ್ಲ ತಲೆ ಕೆಡಿಸಿಕೊಳ್ಳಬೇಡ. ಶುಕ್ರವಾರ ರಾತ್ರಿ ನನ್ನ ಮನೆಗೆ ಬಾ. ಎರೆಹುಳು ನಾನು ತರುತ್ತೇನೆ. ಗಮ್ ಬೂಟು ತರಬೇಡ. ಕಿಟಕಿ ಸೀಟಿನ ವಿಷಯ ನೀವಿಬ್ಬರೂ ನೋಡಿಕೊಳ್ಳಿ, ನಾನು ನಡುವೆ ಬರುವುದಿಲ್ಲ.

ಶನಿವಾರ ಬೆಳಗ್ಗೆ ಐದೂವರೆಗೆ ಗೇಟ್ ಹತ್ರ ನಿಂತಿರು. ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ನಿನ್ನವನೇ,
ಡಿಕ್ಕಿ ಮುಚ್ಚಿದವನು